ಸಮೂಹವಾದ–ವ್ಯಕ್ತಿವಾದ ಮಾಪಕ: ಬೆಂಗಳೂರಿನ ಐಟಿಯವರಿಗೂ ಊರಲ್ಲೇ ಉಳಿದವರಿಗೂ ಒಂದೇ ಅಂಕ ಬರುತ್ತಿದೆ, ಏನು ಮಾಡಬೇಕು?

ಸುಳ್ಯ_ಓದು (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ಜಾಗತೀಕರಣದ ಕಾಲದಲ್ಲಿ ದಕ್ಷಿಣ ಕನ್ನಡದ ಯುವಜನ ತಮ್ಮನ್ನು ಯಾರೆಂದು ಗುರುತಿಸಿಕೊಳ್ಳುತ್ತಾರೆ, ಅದರಲ್ಲಿ ಮನೆತನ–ಸಮುದಾಯದ ಪಾಲೆಷ್ಟು, ಸ್ವಂತ ಆಯ್ಕೆಯ ಪಾಲೆಷ್ಟು ಎಂಬುದು ನನ್ನ ಪಿಎಚ್‌ಡಿ ವಿಷಯ. 25ರಿಂದ 35 ವಯಸ್ಸಿನ ಎರಡು ಗುಂಪು ಇಟ್ಟುಕೊಂಡಿದ್ದೇನೆ. ಒಂದು, ಸುಳ್ಯ–ಪುತ್ತೂರಿನಿಂದ ಹೋಗಿ ಬೆಂಗಳೂರಿನ ಐಟಿ ಕಂಪನಿಗಳಲ್ಲಿ ಇರುವವರು. ಇನ್ನೊಂದು, ಅದೇ ತಾಲ್ಲೂಕುಗಳಲ್ಲಿ ಕೃಷಿ, ಅಂಗಡಿ, ಸಹಕಾರಿ ಸಂಘದ ಕೆಲಸ ಅಂತ ಉಳಿದವರು. ಟ್ರಯಾಂಡಿಸ್ ಮತ್ತು ಗೆಲ್‌ಫಾಂಡ್ 1998ರಲ್ಲಿ ಕೊಟ್ಟ 16 ಹೇಳಿಕೆಗಳ ಮಾಪಕವನ್ನು (ಸ್ವಾವಲಂಬನೆ, ಸ್ಪರ್ಧೆ, ಸಮಾನತೆಯ ಸಮೂಹವಾದ, ಶ್ರೇಣಿಯ ಸಮೂಹವಾದ ಎಂಬ ನಾಲ್ಕು ಉಪಮಾಪಕ, ಒಂದೊಂದಕ್ಕೆ ನಾಲ್ಕು ಹೇಳಿಕೆ) ಕನ್ನಡಕ್ಕೆ ತಂದು, 1ರಿಂದ 9ರ ಅಳತೆಯಲ್ಲಿ ಸಣ್ಣ ಪೈಲಟ್ ಮಾಡಿದೆ.

ತೊಡಕು ಮೂರು. ಎರಡೂ ಗುಂಪಿನವರು ಕುಟುಂಬದ ಹೇಳಿಕೆಗಳಿಗೂ ಸ್ವಾವಲಂಬನೆಯ ಹೇಳಿಕೆಗಳಿಗೂ ಏಳು, ಎಂಟು ಅಂತಲೇ ಕೊಡುತ್ತಿದ್ದಾರೆ. ಗುಂಪುಗಳ ನಡುವೆ ವ್ಯತ್ಯಾಸವೇ ಕಾಣುತ್ತಿಲ್ಲ. ಸ್ಪರ್ಧೆಗೆ ಸಂಬಂಧಿಸಿದ ನಾಲ್ಕು ಹೇಳಿಕೆಗಳ ಕ್ರಾನ್‌ಬಾಕ್ ಆಲ್ಫಾ (ಹೇಳಿಕೆಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಎಂಬ ಅಳತೆ) 0.5 ಕೂಡ ದಾಟುತ್ತಿಲ್ಲ. ಗೈಡ್ ಅವರು "ಹಾಫ್‌ಸ್ಟೀಡ್ ಪಟ್ಟಿಯಲ್ಲಿ ಭಾರತಕ್ಕೆ 48, ಅಮೆರಿಕಕ್ಕೆ 91 ಇದೆಯಲ್ಲ, ಅದೇ ಚೌಕಟ್ಟಿನಲ್ಲಿ ಬರೆಯಿರಿ" ಎನ್ನುತ್ತಾರೆ. ಮಾಪಕವನ್ನೇ ಬಿಡಬೇಕೋ, ತಿದ್ದಿ ಉಳಿಸಿಕೊಳ್ಳಬಹುದೋ? ಕೆಲಸ ಮಾಡಿ ಅನುಭವ ಇರುವವರು ತಿಳಿಸಿ.

---

ಮಾಪನ_ಮೈಸೂರು

ಮೊದಲು ಆ 48ರ ವಿಷಯ. 1967ರಿಂದ 1973ರ ನಡುವೆ ಐಬಿಎಂ ನೌಕರರಿಂದ ತುಂಬಿಸಿಕೊಂಡ ಪ್ರಶ್ನಾವಳಿಗಳಿಂದ ಡಚ್ ಸಂಶೋಧಕ ಹಾಫ್‌ಸ್ಟೀಡ್ 1980ರಲ್ಲಿ ಕೊಟ್ಟ ವ್ಯಕ್ತಿವಾದದ ಸೂಚ್ಯಂಕ ಅದು, ಅಂಕ ಹೆಚ್ಚಿದಷ್ಟೂ ವ್ಯಕ್ತಿವಾದ ಹೆಚ್ಚು. ಕೆಲಸದಲ್ಲಿ ನಿಮಗೆ ಏನು ಮುಖ್ಯ (ಸ್ವಂತಕ್ಕೆ ಸಮಯ, ಸ್ವಾತಂತ್ರ್ಯ, ಸವಾಲು, ತರಬೇತಿ, ಕೆಲಸದ ಜಾಗದ ಅನುಕೂಲ) ಎಂಬ ಪ್ರಶ್ನೆಗಳಿಗೆ ಬಂದ ಉತ್ತರಗಳ ದೇಶವಾರು ಸರಾಸರಿಯಿಂದ ಅದನ್ನು ಕಟ್ಟಿದ್ದು. ಅಪ್ಪ ಅಮ್ಮ, ಮದುವೆ, ಆಸ್ತಿ ಯಾವುದೂ ಅದರೊಳಗೆ ಇಲ್ಲ. ಅದೇ ಪಟ್ಟಿಯಲ್ಲಿ ಜಪಾನಿಗೆ 46 ಇದೆ, ಅಂದರೆ ಭಾರತ ಜಪಾನಿಗಿಂತ ಎರಡು ಅಂಕ ಮೇಲೆ. ದೇಶಗಳ ನಡುವೆ ಹೋಲಿಸಲು ಮಾಡಿದ ಸಂಖ್ಯೆಯನ್ನು ಸುಳ್ಯದ ಒಬ್ಬ ಅಡಿಕೆ ಬೆಳೆಗಾರನ ಮನಸ್ಸು ಅಳೆಯಲು ಬಳಸುವಂತಿಲ್ಲ, ಹಾಫ್‌ಸ್ಟೀಡ್ ಅವರೇ ಹಾಗೆ ಬಳಸಬೇಡಿ ಎಂದಿದ್ದಾರೆ. ಗೈಡ್ ಅವರ ಮಾತಿಗೆ ಸಾಹಿತ್ಯ ಪರಿಶೀಲನೆಯಲ್ಲಿ ಒಂದು ಪ್ಯಾರಾ ಕೊಡಿ, ಚೌಕಟ್ಟು ಮಾತ್ರ ಬೇಡ.

ಎರಡೂ ಕಡೆ ಅಂಕ ಏರಿರುವುದಕ್ಕೆ ಎರಡು ಬೇರೆ ಬೇರೆ ಕಾರಣಗಳಿರಬಹುದು, ಅವನ್ನು ಬಿಡಿಸಿ ನೋಡಬೇಕು. ಒಂದು ನಿಜವಾದದ್ದು. ದುರ್ಗಾನಂದ ಸಿನ್ಹಾ ಮತ್ತು ಆರ್.ಸಿ. ತ್ರಿಪಾಠಿ 1994ರಲ್ಲೇ ಹೇಳಿದ್ದು ಇದನ್ನು: ಭಾರತದಲ್ಲಿ ವ್ಯಕ್ತಿವಾದ ಮತ್ತು ಸಮೂಹವಾದ ಒಬ್ಬನೇ ಮನುಷ್ಯನಲ್ಲಿ ಜೊತೆಯಾಗಿ ಇರುತ್ತವೆ, ಸಂದರ್ಭ ನೋಡಿಕೊಂಡು ಒಂದು ಮುಂದೆ ಬರುತ್ತದೆ. ಓಯ್ಸರ್‌ಮನ್ ಮತ್ತು ಸಂಗಡಿಗರು 2002ರಲ್ಲಿ ಹಲವಾರು ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಇವೆರಡನ್ನೂ ಬೇರೆ ಬೇರೆಯಾಗಿಯೇ ಅಳೆಯಬೇಕಾಯಿತು. ಹಾಗಾಗಿ ಎರಡೂ ಹೆಚ್ಚು ಬಂದರೆ ಅದು ತಪ್ಪೇನಲ್ಲ.

ಇನ್ನೊಂದು ಕಾರಣ ಉಪಕರಣದ ದೋಷ. ಆ 16ರಲ್ಲಿ ತಿರುಗುಮುರುಗು ಹೇಳಿಕೆ ಒಂದೂ ಇಲ್ಲ, ಎಲ್ಲವೂ "ಹೌದು" ಎಂದರೆ ಅಂಕ ಏರುವಂಥವು. ಮನೆಗೆ ಬಂದು ಪ್ರಶ್ನೆ ಕೇಳುವ ಹುಡುಗಿಗೆ "ಇಲ್ಲ, ನಾನು ಒಪ್ಪುವುದಿಲ್ಲ" ಎನ್ನುವುದು ನಮ್ಮಲ್ಲಿ ಮರ್ಯಾದೆಯಲ್ಲ. ಪತ್ತೆ ಮಾಡುವ ವಿಧಾನ: ಈ ವಿಷಯಕ್ಕೆ ಸಂಬಂಧವೇ ಇಲ್ಲದ ಆರು ಹೇಳಿಕೆಗಳನ್ನು ನಡುನಡುವೆ ಸೇರಿಸಿ, ಮೂರು ಜೋಡಿಯಾಗಿ, ಒಂದಕ್ಕೊಂದು ವಿರುದ್ಧವಾಗಿ. ಉದಾಹರಣೆಗೆ "ಪ್ರಯಾಣಕ್ಕೆ ರಾತ್ರಿ ಬಸ್ಸೇ ಒಳ್ಳೆಯದು", ಹತ್ತು ಪ್ರಶ್ನೆಗಳ ನಂತರ "ಪ್ರಯಾಣಕ್ಕೆ ಹಗಲು ಬಸ್ಸೇ ಒಳ್ಳೆಯದು". ಎರಡಕ್ಕೂ ಎಂಟು ಕೊಟ್ಟವರ ಒಪ್ಪಿಕೊಳ್ಳುವ ಒಲವು ಎಷ್ಟೆಂದು ಅಲ್ಲೇ ಸಿಗುತ್ತದೆ. ಆ ಸರಾಸರಿಯನ್ನು ನಿಯಂತ್ರಕವಾಗಿ ವಿಶ್ಲೇಷಣೆಗೆ ಹಾಕಿ.

ಕೆಲವರು ಪ್ರತಿಯೊಬ್ಬರ 16 ಉತ್ತರಗಳ ಸರಾಸರಿಯನ್ನು ಅವರವರ ಅಂಕದಿಂದ ಕಳೆಯುತ್ತಾರೆ. ಸರಾಸರಿಗಳನ್ನು ಹೋಲಿಸಲು ಅದು ಸಾಕು. ಆದರೆ ಹಾಗೆ ಕಳೆದ ಮೇಲೆ ನಾಲ್ಕೂ ಉಪಮಾಪಕಗಳ ಮೊತ್ತ ಸೊನ್ನೆಯಾಗುತ್ತದೆ. ಆ ಅಂಕಗಳ ಮೇಲೆ ಫ್ಯಾಕ್ಟರ್ ಅನಾಲಿಸಿಸ್ (ಉತ್ತರಗಳ ಹಿಂದಿರುವ ಮೂಲ ಅಂಶಗಳನ್ನು ಹುಡುಕುವ ಲೆಕ್ಕ) ಮಾಡಬಾರದು, ನಾಲ್ಕನ್ನೂ ಒಟ್ಟಿಗೆ ರಿಗ್ರೆಶನ್‌ಗೆ ಹಾಕಲೂ ಆಗದು. ಜೊತೆಗೆ ಕುಟುಂಬವೂ ಮುಖ್ಯ, ಸ್ವಾವಲಂಬನೆಯೂ ಮುಖ್ಯ ಎನ್ನುವ ಮನುಷ್ಯನೇ ಲೆಕ್ಕದಲ್ಲಿ ಮಾಯವಾಗುತ್ತಾನೆ. ನಿಮ್ಮ ಅಧ್ಯಯನಕ್ಕೆ ಬೇಕಾಗಿರುವುದು ಅವನೇ ತಾನೇ?

ಗುಂಪುಗಳ ನಡುವೆ ವ್ಯತ್ಯಾಸ ಕಾಣದಿರುವುದಕ್ಕೆ ದೊಡ್ಡ ಕಾರಣ ಹೋಲಿಕೆಯ ನೆಲೆ. ಸ್ಟೀವನ್ ಹೈನೆ ಮತ್ತು ಸಂಗಡಿಗರು 2002ರಲ್ಲಿ ಇದನ್ನು ಚೆನ್ನಾಗಿ ತೋರಿಸಿದ್ದಾರೆ. "ನಾನು ಯಾರನ್ನೂ ಅವಲಂಬಿಸುವುದಿಲ್ಲ" ಎಂಬುದಕ್ಕೆ ಅಂಕ ಕೊಡುವಾಗ ಪ್ರತಿಯೊಬ್ಬರೂ ತಮ್ಮ ಸುತ್ತಲಿನವರೊಂದಿಗೆ ತೂಗಿ ನೋಡುತ್ತಾರೆ. ಊರಿನ ಹುಡುಗ ತನ್ನ ದಾಯಾದಿಗಳ ಜೊತೆ, ಬೆಂಗಳೂರಿನವಳು ತನ್ನ ಟೀಮಿನವರ ಜೊತೆ. ಇಬ್ಬರೂ ಏಳು ಕೊಡುತ್ತಾರೆ, ಆದರೆ ಆ ಎರಡು ಏಳುಗಳು ಒಂದೇ ಅಲ್ಲ. ಇದಕ್ಕೆ ಅಂಕಿಅಂಶದ ತಿದ್ದುಪಡಿ ಇಲ್ಲ. ಎಣಿಸಬಹುದಾದ ನಡವಳಿಕೆ ಕೇಳಬೇಕು, ಇಲ್ಲವೇ ಖಚಿತ ಸನ್ನಿವೇಶ ಕೊಟ್ಟು ಆಯ್ಕೆ ಕೇಳಬೇಕು.

ಮಾಪಕದೊಳಗೇ ಇನ್ನೊಂದು ಬಿರುಕಿದೆ, ಹೆಚ್ಚಿನವರು ಗಮನಿಸುವುದಿಲ್ಲ. ಸಮಾನತೆಯ ಸಮೂಹವಾದ ಎಂಬ ಭಾಗದ ಹೇಳಿಕೆಗಳು ಸಹೋದ್ಯೋಗಿಗಳ ಬಗ್ಗೆ ಮತ್ತು ಇತರರ ಜೊತೆಗಿನ ಸಹಕಾರದ ಬಗ್ಗೆ ಇವೆ. ಶ್ರೇಣಿಯ ಸಮೂಹವಾದದವು ಹೆಚ್ಚಾಗಿ ಕುಟುಂಬದ ಬಗ್ಗೆ. ಆದ್ದರಿಂದ ಎರಡರ ನಡುವೆ ಕಾಣುವ ವ್ಯತ್ಯಾಸ ಸಮಾನತೆ–ಶ್ರೇಣಿಯದೋ, ಸಹೋದ್ಯೋಗಿ–ಕುಟುಂಬದ್ದೋ ಹೇಳಲಾಗದು. ಅಡಿಕೆ ತೋಟದವನಿಗೆ ಸಹೋದ್ಯೋಗಿ ಯಾರು? ಕೂಲಿಗೆ ಬರುವವರೋ, ಪಕ್ಕದ ತೋಟದವರೋ, ಸೊಸೈಟಿಯ ಸದಸ್ಯರೋ? ಪ್ರತಿಯೊಬ್ಬ ಒಂದೊಂದು ಊಹಿಸಿಕೊಂಡು ಅಂಕ ಕೊಟ್ಟಿರುತ್ತಾನೆ.

ಸ್ಪರ್ಧೆಯ ಆಲ್ಫಾ ಬೀಳುವುದೂ ಇಂಥದೇ ಕಾರಣಕ್ಕೆ. "ನನ್ನ ಕೆಲಸ ಇತರರಿಗಿಂತ ಚೆನ್ನಾಗಿರಬೇಕು" ಎಂಬ ಧಾಟಿಯ ಹೇಳಿಕೆಗೆ ಪಿಯುಸಿ, ಸಿಇಟಿ ದಾಟಿ ಬಂದ ಎಲ್ಲರೂ ಒಂಬತ್ತು ಕೊಡುತ್ತಾರೆ. ಬೇರೆಯವರು ಮುಂದೆ ಹೋದರೆ ತಳಮಳ ಆಗುತ್ತದೆ ಎಂಬ ಧಾಟಿಯದಕ್ಕೆ ಯಾರೂ ಹೌದು ಎನ್ನರು, ಅದು ಹೊಟ್ಟೆಕಿಚ್ಚು ಒಪ್ಪಿಕೊಂಡಂತೆ. ಎರಡು ಹೇಳಿಕೆ ಎರಡು ದಿಕ್ಕಿಗೆ ಹೋದಾಗ ಆಲ್ಫಾ ಎಲ್ಲಿಂದ ಬರಬೇಕು? ಲೆಕ್ಕ ನೋಡಿ, ಉದಾಹರಣೆಗೆ: ನಾಲ್ಕು ಹೇಳಿಕೆಗೆ ಆಲ್ಫಾ 0.48 ಅಂದರೆ ಹೇಳಿಕೆಗಳ ನಡುವಿನ ಸರಾಸರಿ ಸಹಸಂಬಂಧ 0.19ರಷ್ಟು. ಅದೇ ಗುಣಮಟ್ಟದ ಇನ್ನೂ ನಾಲ್ಕು ಸೇರಿಸಿ ಎಂಟು ಮಾಡಿದರೂ 0.65ರ ಹತ್ತಿರ ನಿಲ್ಲುತ್ತದೆ. ಸಂಖ್ಯೆ ಹೆಚ್ಚಿಸಿ ಪ್ರಯೋಜನವಿಲ್ಲ, ಹೇಳಿಕೆ ಬದಲಾಗಬೇಕು. ಪೈಲಟ್ 40 ಜನರದ್ದಾದರೆ 0.48ರ ವಿಶ್ವಾಸದ ವ್ಯಾಪ್ತಿ (ನಿಜವಾದ ಬೆಲೆ ಇರಬಹುದಾದ ಮಿತಿ) ಸುಮಾರು 0.2ರಿಂದ 0.7ರವರೆಗೆ ಹರಡಿರುತ್ತದೆ, ಅದನ್ನೂ ಬರೆಯಿರಿ.

ಪ್ರಶ್ನಾವಳಿ ಅಂತಿಮಗೊಳಿಸುವ ಮೊದಲು ಪ್ರತಿ ಗುಂಪಿನಿಂದ ಎಂಟು ಹತ್ತು ಜನರನ್ನು ಕೂರಿಸಿ, ಪ್ರತಿ ಹೇಳಿಕೆ ಓದಿ "ಇದನ್ನು ಕೇಳಿದಾಗ ಯಾರು ನೆನಪಾದರು, ಯಾವ ಸಂದರ್ಭ ನೆನಪಾಯಿತು" ಎಂದು ಬಾಯಿಬಿಟ್ಟು ಹೇಳಿಸಿ. ನಿಮ್ಮ ಜಿಲ್ಲೆಯಲ್ಲಿ ಇದು ಎರಡು ಪಟ್ಟು ಅಗತ್ಯ. ಮನೆಮಾತು ತುಳು, ಬ್ಯಾರಿ, ಕೊಂಕಣಿ, ಅರೆಭಾಷೆ, ಹವ್ಯಕ ಹೀಗೆ ಏನೇನೋ ಇದ್ದು, ಪುಸ್ತಕದ ಕನ್ನಡ ಶಾಲೆಯ ಭಾಷೆಯಾಗಿರುವವರು ಬಹಳ. ಶಾಲೆಯ ಭಾಷೆಯಲ್ಲಿ ಕೇಳಿದರೆ ಶಾಲೆಯ ಉತ್ತರವೇ ಬರುತ್ತದೆ. ಊರಿನಲ್ಲಿ ಮನೆಮಾತಿನಲ್ಲೇ ಮಾತಾಡಿಸಿ, ಬೆಂಗಳೂರಿನವರಿಗೂ ಅದೇ ಭಾಷೆಯಲ್ಲೇ ಕೇಳಿ. ಒಂದು ಗುಂಪಿಗೆ ಗೂಗಲ್ ಫಾರ್ಮ್, ಇನ್ನೊಂದಕ್ಕೆ ಮುಖಾಮುಖಿ ಮಾಡಿದಿರೋ, ಕಂಡ ವ್ಯತ್ಯಾಸ ಊರಿನದೋ ಫಾರ್ಮಿನದೋ ತಿಳಿಯದು. ಒಂಬತ್ತರ ಅಳತೆ ಬಾಯಿಮಾತಿಗೆ ಒಗ್ಗುವುದಿಲ್ಲ. ಮೊದಲು "ಒಪ್ಪುತ್ತೀರಾ, ಇಲ್ಲವಾ?", ಆಮೇಲೆ "ಪೂರ್ತಿಯಾ, ಸ್ವಲ್ಪವಾ?" ಎಂದು ಎರಡು ಹಂತದಲ್ಲಿ ಕೇಳಿದರೆ ನಡುವಿನ ಉತ್ತರವೂ ಸೇರಿ ಐದು ಮೆಟ್ಟಿಲಾಗುತ್ತದೆ.

ಗುರುತಿನ ಪ್ರಶ್ನೆಗೆ ಮಾಪಕಕ್ಕಿಂತ ಕೂನ್ ಮತ್ತು ಮೆಕ್‌ಪಾರ್ಟ್‌ಲ್ಯಾಂಡ್ ಅವರ 1954ರ ಇಪ್ಪತ್ತು ವಾಕ್ಯಗಳ ಪರೀಕ್ಷೆ ಹತ್ತಿರ. "ನಾನು ______" ಎಂದು ಇಪ್ಪತ್ತು ಸಲ ತುಂಬಿಸುವುದು. ಉತ್ತರಗಳನ್ನು ಗುಣ (ಹಠಮಾರಿ), ಸಂಬಂಧ (ಇಬ್ಬರು ತಂಗಿಯರ ಅಣ್ಣ), ಗುಂಪು (ತುಳುವ, ಬಂಟ, ಕನ್ನಡಿಗ) ಎಂದು ಇಬ್ಬರು ಪರಸ್ಪರ ನೋಡದೆ ವರ್ಗೀಕರಿಸಬೇಕು, ಕೊಹೆನ್ ಕಪ್ಪಾ (ಇಬ್ಬರ ವರ್ಗೀಕರಣ ಎಷ್ಟು ಹೊಂದುತ್ತದೆ ಎಂಬ ಅಳತೆ) 0.7 ದಾಟಬೇಕು. ಇಪ್ಪತ್ತು ಬರೆಯಲು ಜನ ಬೇಸರಪಡುತ್ತಾರೆ, ಹನ್ನೆರಡರ ನಂತರ ಹಿಂದಿನದೇ ಮರಳಿ ಬರುತ್ತದೆ, ಹತ್ತು ಸಾಕು. ಸ್ಟೀವ್ ಕಸಿನ್ಸ್ 1989ರಲ್ಲಿ ಜಪಾನಿನಲ್ಲಿ ಇದಕ್ಕೆ ಸಂದರ್ಭ ಸೇರಿಸಿ "ಮನೆಯಲ್ಲಿ ನಾನು..." ಎಂದು ಕೇಳಿದಾಗ ಫಲಿತಾಂಶವೇ ತಿರುಗಿತು, ಅಮೆರಿಕನ್ನರಿಗಿಂತ ಜಪಾನೀಯರೇ ಹೆಚ್ಚು ಗುಣವಾಚಕಗಳನ್ನು ಬರೆದರು. ನೀವೂ "ಮನೆಯಲ್ಲಿ", "ಕೆಲಸದ ಜಾಗದಲ್ಲಿ", "ಊರ ಜಾತ್ರೆ–ಕೋಲದಲ್ಲಿ" ಎಂದು ಮೂರು ಸಂದರ್ಭ ಕೊಡಿ. ಪ್ರಶ್ನಾವಳಿಯ ಮೊದಲ ಪುಟದಲ್ಲೇ ಇದು ಬರಬೇಕು. ಜಾತಿ, ಊರು, ಮನೆತನದ ಪ್ರಶ್ನೆಗಳ ನಂತರ ಇಟ್ಟರೆ ಆ ಪದಗಳೇ ಉತ್ತರಕ್ಕೆ ಇಳಿಯುತ್ತವೆ.

---

ಕಡಲತಡಿ

ಮೇಲಿನವರು ಉಪಕರಣದ ಬಗ್ಗೆ ಹೇಳಿದ್ದೆಲ್ಲ ಸರಿ. ನನ್ನ ತಕರಾರು ಪ್ರಶ್ನೆಯ ಹಿಂದಿರುವ ಊಹೆಯ ಮೇಲೆ. "ಬೆಂಗಳೂರು = ವ್ಯಕ್ತಿವಾದ, ಊರು = ಸಮೂಹವಾದ" ಎಂದು ಮೊದಲೇ ಬರೆದುಕೊಂಡು ಹೊರಟರೆ ಕರಾವಳಿಯಲ್ಲಿ ನಡೆಯುತ್ತಿರುವುದೇ ಕಣ್ಣಿಗೆ ಬೀಳುವುದಿಲ್ಲ.

ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ, ಆಸ್ತಿ ಸಾಗುವ ಪದ್ಧತಿಯ) ಕುಟುಂಬಗಳನ್ನೇ ತೆಗೆದುಕೊಳ್ಳಿ. ಹಿಂದೆ ಒಬ್ಬ ಸದಸ್ಯ ಬಂದು "ನನ್ನ ಪಾಲು ಕೊಡಿ" ಎಂದರೆ ಆಸ್ತಿ ಪಾಲಾಗುತ್ತಿರಲಿಲ್ಲ. 1949ರ ಮದರಾಸು ಅಳಿಯಸಂತಾನ ಕಾಯ್ದೆ ಕವರುಗಳಿಗೆ (ಕುಟುಂಬದೊಳಗಿನ ತಾಯಿಯ ಕಡೆಯ ಶಾಖೆಗಳಿಗೆ) ಪಾಲು ಕೇಳುವ ಹಾದಿ ತೆರೆಯಿತು, 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ವ್ಯಕ್ತಿಯ ಪಾಲನ್ನು ಇನ್ನಷ್ಟು ಗಟ್ಟಿ ಮಾಡಿತು. ಕಾನೂನಿನ ಲೆಕ್ಕದಲ್ಲಿ ಇದು ವ್ಯಕ್ತಿವಾದದ ಗೆಲುವು. ಆದರೆ ಅದೇ ಕುಟುಂಬಗಳ ತರವಾಡು ಮನೆ (ಕುಟುಂಬದ ಮೂಲ ಮನೆ), ನಾಗಬನ, ಧರ್ಮದೈವದ ಗುಡಿಗಳ ಜೀರ್ಣೋದ್ಧಾರಕ್ಕೆ ದುಡ್ಡು ಬರುವುದು ಮುಂಬೈ ಹೋಟೆಲುಗಳಿಂದ, ಕೊಲ್ಲಿ ದೇಶಗಳಿಂದ, ಈಗ ಬೆಂಗಳೂರಿನ ಸಂಬಳದಿಂದ. ಗದ್ದೆ ಪಾಲಾದ ಮೇಲೂ ದೈವ ಪಾಲಾಗಿಲ್ಲ. ವಾಟ್ಸ್‌ಆ್ಯಪ್ ಗುಂಪು ಬಂದ ಮೇಲೆ ಮೂರು ತಲೆಮಾರಿನಿಂದ ಮುಖ ನೋಡದ ಕವರಿನವರೂ ತಂಬಿಲಕ್ಕೆ (ದೈವ, ನಾಗನಿಗೆ ಕೊಡುವ ಸೇವೆಗೆ) ವಂತಿಗೆ ಹಾಕುತ್ತಾರೆ. ಸ್ವಂತ ಸಂಪಾದನೆ ಇದ್ದುದರಿಂದಲೇ ಸಮೂಹ ಎದ್ದು ನಿಂತಿದೆ. ಒಂದು ಗೆರೆಯ ಎರಡು ತುದಿ ಎಂದುಕೊಂಡ ಮಾಪಕಕ್ಕೆ ಇದು ಹೇಗೆ ಸಿಕ್ಕೀತು?

ಈ ಸ್ಥಿತಿಗೆ ಚೆನ್ನಾಗಿ ಹೊಂದುವ ಚೌಕಟ್ಟು ಟರ್ಕಿಯ ಮನಶ್ಶಾಸ್ತ್ರಜ್ಞೆ ಚಿಡೆಮ್ ಕಾಗಿಟ್‌ಚಿಬಾಶಿ ಅವರದು. ನಗರೀಕರಣದೊಂದಿಗೆ ಹೊಟ್ಟೆಪಾಡಿನ ಪರಸ್ಪರ ಅವಲಂಬನೆ ಇಳಿಯುತ್ತದೆ, ಮನಸ್ಸಿನದು ಉಳಿಯುತ್ತದೆ, ಹಾಗಾಗಿ ಸ್ವಾಯತ್ತತೆಯನ್ನೂ ನಂಟನ್ನೂ ಎರಡು ಬೇರೆ ಅಕ್ಷಗಳಾಗಿ ಇಡಬೇಕು ಎನ್ನುತ್ತಾರೆ ಅವರು. ನಮ್ಮಲ್ಲೇ ಐ.ಪಿ. ದೇಸಾಯಿ 1964ರಲ್ಲಿ ಗುಜರಾತಿನ ಮಹುವಾ ಪಟ್ಟಣದ ಅಧ್ಯಯನದಲ್ಲಿ ಒಂದೇ ಸೂರು ಇಲ್ಲದಿದ್ದರೂ ಆಸ್ತಿ, ಹೊಣೆ, ಹೋಗಿಬರುವಿಕೆಗಳಲ್ಲಿ ಕುಟುಂಬ ಕೂಡಿಯೇ ಇರಬಹುದೆಂದು ತೋರಿಸಿದ್ದರು. ಬೆಂಗಳೂರಿನ ಐಟಿ ನೌಕರರ ಬಗ್ಗೆ ಕರೋಲ್ ಉಪಾಧ್ಯ ಮತ್ತು ಎ.ಆರ್. ವಾಸವಿ ಬೆಂಗಳೂರಿನ ನಿಯಾಸ್ (ರಾಷ್ಟ್ರೀಯ ಉನ್ನತ ಅಧ್ಯಯನ) ಸಂಸ್ಥೆಯಿಂದ ಮಾಡಿದ ಕೆಲಸ ಓದದೆ ಮುಂದೆ ಹೋಗಬೇಡಿ. ಕಂಪನಿಗಳ ಸಾಫ್ಟ್ ಸ್ಕಿಲ್ ತರಬೇತಿ "ನೇರವಾಗಿ ಮಾತಾಡು, ನಿನ್ನನ್ನು ನೀನು ಮುಂದಿಡು" ಎಂದು ಕಲಿಸುವ ಬಗೆ ಅಲ್ಲಿ ವಿವರವಾಗಿ ಇದೆ. ಆಫೀಸಿನಲ್ಲಿ ಕಲಿತ ಆ ನಡೆ ಮನೆಗೂ ಬರುತ್ತದೆಯೇ ಎಂಬುದೇ ನೀವು ಕೇಳಬೇಕಾದ ಪ್ರಶ್ನೆ.

ಎಣಿಸಬಹುದಾದ ನಡವಳಿಕೆಗೆ ಕೆಲವು ಸಲಹೆ. ಕಳೆದ 12 ತಿಂಗಳಲ್ಲಿ ಮನೆಗೆ ಕಳಿಸಿದ ಹಣ ಸಂಬಳದ ಎಷ್ಟು ಪಾಲು. ಬ್ಯಾಂಕ್ ಖಾತೆ, ಪಿಎಫ್‌ಗೆ ನಾಮಿನಿ ಯಾರು. ಕೊನೆಯ ದೊಡ್ಡ ಸಾಲಕ್ಕೆ ಮೊದಲು ಯಾರಿಗೆ ಫೋನ್ ಮಾಡಿದರು, ತೀರ್ಮಾನದ ಮೊದಲೋ ನಂತರವೋ. ಊರ ಕೋಲ, ಜಾತ್ರೆ, ಬ್ರಹ್ಮಕಲಶಕ್ಕೆ ರಜೆ ಹಾಕಿದ ದಿನಗಳು. ಕುಟುಂಬದ ವಂತಿಗೆ ಎಷ್ಟು, ಅದನ್ನು ನಿಗದಿ ಮಾಡಿದ್ದು ಯಾರು. ಕೆಲಸ ಬಿಟ್ಟಾಗ, ಬದಲಿಸಿದಾಗ ಮನೆಯವರಿಗೆ ಯಾವಾಗ ತಿಳಿಯಿತು. ಹಣವನ್ನು ಮಾತ್ರ ಕೇಳಿ ನಿಲ್ಲಿಸಬೇಡಿ. ಹಣ ಕಳಿಸುವವನೂ ಮದುವೆ ವಿಷಯದಲ್ಲಿ ಯಾರ ಮಾತೂ ಕೇಳದಿರಬಹುದು, ಆದ್ದರಿಂದ ಹಣ, ಮದುವೆ, ದೈವ, ಕೆಲಸ ಪ್ರತಿಯೊಂದಕ್ಕೂ ಬೇರೆ ಬೇರೆ ಅಂಕ ಇಡಿ.

ದಾಖಲೆಗಳನ್ನು ಬಳಸುವುದಾದರೆ ಒಂದು ಎಚ್ಚರ. ಪಹಣಿಯಲ್ಲಿ ಜಂಟಿ ಹೆಸರುಗಳಿವೆ ಎಂದ ಮಾತ್ರಕ್ಕೆ ಅದನ್ನು ಕೂಡುಕುಟುಂಬದ ಮೌಲ್ಯ ಎಂದು ಬರೆಯಬೇಡಿ. ಪೌತಿ ಖಾತೆ (ತೀರಿಕೊಂಡವರ ಹೆಸರಿನಿಂದ ವಾರಸುದಾರರಿಗೆ ಖಾತೆ ಬದಲಾವಣೆ) ಆಗದೆ ಉಳಿದಿರುವುದು, 11ಇ ನಕ್ಷೆಗೆ (ಜಮೀನು ಪಾಲು ಮಾಡಲು ಬೇಕಾದ ಅಳತೆ ನಕ್ಷೆಗೆ) ಅರ್ಜಿ ಹಾಕದಿರುವುದು, ಸಹಿ ಹಾಕಬೇಕಾದ ಅಕ್ಕ ಮಸ್ಕತ್ತಿನಲ್ಲಿರುವುದು, ಹೀಗೆ ಜಂಟಿ ಖಾತೆ ಮುಂದುವರಿಯಲು ಕಾರಣ ಹಲವು. ವಿಭಾಗ ಪತ್ರವಾದ ಮಾತ್ರಕ್ಕೆ ನಂಟು ಕಡಿದಿದೆ ಎಂದೂ ಅಲ್ಲ. ಬ್ಯಾಂಕ್ ಸಾಲಕ್ಕೆ ಸ್ವಂತ ಹೆಸರಿನ ಪಹಣಿ ಬೇಕೆಂದು ಪಾಲು ಮಾಡಿಕೊಂಡು ತೋಟ ಒಟ್ಟಿಗೇ ನೋಡಿಕೊಳ್ಳುವವರಿದ್ದಾರೆ.

---

ಸುಳ್ಯ_ಓದು

ಇಬ್ಬರಿಗೂ ಧನ್ಯವಾದ. ಸನ್ನಿವೇಶದ ಪ್ರಶ್ನೆ ಮತ್ತು ನಡವಳಿಕೆಯ ಪಟ್ಟಿ ಖಂಡಿತ ಸೇರಿಸುತ್ತೇನೆ. ಇನ್ನೆರಡು ಸಂಶಯ: ಸ್ಯಾಂಪಲ್ ಎಷ್ಟು ಬೇಕು, ಮತ್ತು ಈ ಎರಡು ಗುಂಪಿನ ಹೋಲಿಕೆಯಿಂದ "ಜಾಗತೀಕರಣದ ಪರಿಣಾಮ" ಎನ್ನಲು ಆಗುತ್ತದೆಯೇ?

---

ಧಾರವಾಡ_ಅಂಕಿಅಂಶ

ಎರಡನೆಯದಕ್ಕೆ ಮೊದಲು ಉತ್ತರ: ಈಗಿರುವ ವಿನ್ಯಾಸದಲ್ಲಿ ಆಗುವುದಿಲ್ಲ. ನಿಮ್ಮ ಎರಡು ಗುಂಪು ಊರಿನಲ್ಲಿ ಮಾತ್ರವಲ್ಲ, ಓದು, ಆದಾಯ, ಜಾತಿ, ಇಂಗ್ಲಿಷ್, ಮನೆಯ ಜಮೀನು ಎಲ್ಲದರಲ್ಲೂ ಬೇರೆ. ಜೊತೆಗೆ ಊರು ಬಿಟ್ಟವರು ಬಿಡುವ ಮೊದಲೇ ಬೇರೆ ಸ್ವಭಾವದವರಾಗಿದ್ದಿರಬಹುದು.

ಇದಕ್ಕೆ ಕೈಗೆಟುಕುವ ಪರಿಹಾರ ಒಡಹುಟ್ಟಿದವರ ಜೋಡಿ. ಒಂದೇ ಮನೆಯ ಇಬ್ಬರು, ಒಬ್ಬರು ಬೆಂಗಳೂರಲ್ಲಿ, ಒಬ್ಬರು ಊರಲ್ಲಿ. ಜಾತಿ, ಜಮೀನು, ದೈವ, ಬಾಲ್ಯ ಎಲ್ಲ ತಾನಾಗಿಯೇ ಸಮನಾಗುತ್ತದೆ. ಅಣ್ಣ–ತಮ್ಮ ಅಥವಾ ಅಕ್ಕ–ತಂಗಿ ಜೋಡಿಯೇ ಇರಲಿ. ಅಣ್ಣ–ತಂಗಿ ಬೆರೆಸಿದರೆ ಮದುವೆಯಾಗಿ ಹೋದ ಮನೆಯ ಪ್ರಭಾವ ಸೇರಿಕೊಳ್ಳುತ್ತದೆ. ಹುಟ್ಟಿದ ಕ್ರಮ ಬರೆದುಕೊಳ್ಳಿ, ತೋಟ ನೋಡಿಕೊಳ್ಳಲು ಉಳಿಯುವವರು ಯಾರೆಂಬುದು ಹಲವು ಮನೆಗಳಲ್ಲಿ ಕ್ರಮದ ಮೇಲೆಯೇ ನಿಂತಿರುತ್ತದೆ. ಊರಲ್ಲಿ ಉಳಿದವರ ಪಟ್ಟಿಯಿಂದ ಶುರು ಮಾಡಿ ಬೆಂಗಳೂರಿನವರನ್ನು ತಲುಪಿ. ತಿರುಗಿ ಮಾಡಿದರೆ ಮನೆಯೊಂದಿಗೆ ನಂಟು ಚೆನ್ನಾಗಿರುವವರಷ್ಟೇ ಒಡಹುಟ್ಟಿದವರ ನಂಬರ್ ಕೊಡುತ್ತಾರೆ. ಇಬ್ಬರನ್ನೂ ಬೇರೆ ಬೇರೆಯಾಗಿ ಮಾತಾಡಿಸಿ, ಒಬ್ಬರ ಉತ್ತರ ಇನ್ನೊಬ್ಬರಿಗೆ ತಿಳಿಯುವುದಿಲ್ಲ ಎಂದು ಲಿಖಿತವಾಗಿ ಕೊಡಿ.

ಸಂಖ್ಯೆ ಹೀಗೆ. ಬಿಡಿ ಗುಂಪುಗಳಾದರೆ, ಶೇ. 5ರ ಮಟ್ಟದಲ್ಲಿ ಶೇ. 80 ಪವರ್ (ನಿಜವಾದ ವ್ಯತ್ಯಾಸ ಇದ್ದರೆ ಅದು ಕಾಣಿಸುವ ಸಾಧ್ಯತೆ) ಇಟ್ಟುಕೊಂಡು ಪ್ರಮಾಣ ವಿಚಲನದ 0.5ರಷ್ಟು ಅಂತರ ಹಿಡಿಯಲು ಗುಂಪಿಗೆ 64, 0.3ಕ್ಕೆ 175, 0.2ಕ್ಕೆ 393. ಜೋಡಿಗಳಾದರೆ ಜೋಡಿಯೊಳಗಿನ 0.3ರ ಅಂತರಕ್ಕೆ 90 ಜೋಡಿ ಸಾಕು. ಬಿಟ್ಟುಹೋಗುವವರನ್ನು ಸೇರಿಸಿ 110 ಇಟ್ಟುಕೊಳ್ಳಿ. ಜೋಡಿ ಬೇಡ, ಹಳ್ಳಿವಾರು ಸ್ಯಾಂಪಲ್ ಸಾಕು ಎಂದಾದರೆ ಒಂದೇ ಹಳ್ಳಿಯವರ ಉತ್ತರ ಒಂದನ್ನೊಂದು ಹೋಲುವುದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಹಳ್ಳಿಗೆ 20 ಜನ, ಒಳಸಹಸಂಬಂಧ 0.05 ಎಂದರೂ ಡಿಸೈನ್ ಎಫೆಕ್ಟ್ 1.95, ಅಂದರೆ ಸ್ಯಾಂಪಲ್ ಹತ್ತಿರಹತ್ತಿರ ದುಪ್ಪಟ್ಟು. ಹಳ್ಳಿಗೆ ಆರೇಳು ಜನ, ಹಳ್ಳಿಗಳು ಹೆಚ್ಚು, ಇದು ಮೇಲು.

"ಮಾಪನ_ಮೈಸೂರು" ಅವರ ಜೊತೆ ನನ್ನದೊಂದು ಭಿನ್ನಮತ. ಮಾಪಕವನ್ನು ಪೂರ್ತಿ ಬದಿಗಿಟ್ಟರೆ ಬೇರೆ ಅಧ್ಯಯನಗಳ ಜೊತೆ ಮಾತಾಡಲು ಏನೂ ಉಳಿಯುವುದಿಲ್ಲ. 16ನ್ನೂ ಇಡಿ, ಆದರೆ ಸರಾಸರಿ ಹೋಲಿಸುವ ಮೊದಲು ಎರಡೂ ಗುಂಪಿನಲ್ಲಿ ಅದು ಒಂದೇ ರೀತಿ ಕೆಲಸ ಮಾಡುತ್ತಿದೆಯೇ ಎಂದು ಮೂರು ಮೆಟ್ಟಿಲಿನಲ್ಲಿ ನೋಡಿ: ರಚನೆ (ಯಾವ ಹೇಳಿಕೆ ಯಾವ ಭಾಗಕ್ಕೆ) ಒಂದೇಯೇ, ಲೋಡಿಂಗ್‌ಗಳು (ಪ್ರತಿ ಹೇಳಿಕೆ ಆ ಭಾಗಕ್ಕೆ ಎಷ್ಟು ಬಲವಾಗಿ ಅಂಟಿದೆ) ಒಂದೇಯೇ, ಇಂಟರ್‌ಸೆಪ್ಟ್‌ಗಳು (ಪ್ರತಿ ಹೇಳಿಕೆಯ ಆರಂಭದ ಮಟ್ಟ) ಒಂದೇಯೇ. ಪ್ರತಿ ಮೆಟ್ಟಿಲಿಗೆ ಸಿಎಫ್‌ಐ (ಮಾದರಿ ಉತ್ತರಗಳಿಗೆ ಎಷ್ಟು ಹೊಂದುತ್ತದೆ ಎಂಬ ಸೂಚ್ಯಂಕ) 0.01ಕ್ಕಿಂತ ಹೆಚ್ಚು ಕುಸಿದರೆ ಅಲ್ಲಿಗೆ ನಿಲ್ಲಿಸಬೇಕು. ಮೂರನೆಯದು ದಾಟದಿದ್ದರೆ ಸರಾಸರಿ ಹೋಲಿಸಬೇಡಿ, ಗುಂಪಿನೊಳಗಿನ ಸಹಸಂಬಂಧಗಳನ್ನಷ್ಟೇ ಬರೆಯಿರಿ. ಇದಕ್ಕೆ ಗುಂಪಿಗೆ 200ರ ಹತ್ತಿರ ಜನ ಬೇಕು, ಜೋಡಿ ವಿನ್ಯಾಸದ 110 ಸಾಲದು. ಹಾಗಾಗಿ ಮಾಪಕವನ್ನು ದೊಡ್ಡ ಬಿಡಿ ಸ್ಯಾಂಪಲ್‌ಗೆ, ಸನ್ನಿವೇಶ ಮತ್ತು ನಡವಳಿಕೆಯನ್ನು ಜೋಡಿಗಳಿಗೆ ಹಂಚುವುದು ನನ್ನ ಸಲಹೆ.

ಸನ್ನಿವೇಶಗಳನ್ನು ಕಟ್ಟುವಾಗ ಒಂದು ಸಲಕ್ಕೆ ಒಂದೇ ಅಂಶ ಬದಲಾಗಲಿ. "ಪುಣೆಯಲ್ಲಿ ಒಂದೂವರೆ ಪಟ್ಟು ಸಂಬಳದ ಕೆಲಸ ಸಿಕ್ಕಿದೆ" ಎಂಬುದು ಸ್ಥಿರ. ಬದಲಾಗುವುದು: ಬೇಡ ಎನ್ನುವವರು ಯಾರು (ತಾಯಿ / ದೊಡ್ಡಪ್ಪ), ಕಾರಣ ಏನು (ಆರೋಗ್ಯ / ಊರವರ ಮಾತು), ಊರಲ್ಲಿ ನೋಡಿಕೊಳ್ಳಲು ಬೇರೆಯವರು ಇದ್ದಾರೆಯೇ (ಹೌದು / ಇಲ್ಲ). ಎಂಟು ರೂಪಗಳಾಗುತ್ತವೆ. ಒಬ್ಬರಿಗೆ ನಾಲ್ಕಕ್ಕಿಂತ ಹೆಚ್ಚು ಕೊಡಬೇಡಿ, ಕ್ರಮ ಬದಲಿಸುತ್ತಾ ಹೋಗಿ. ಉತ್ತರ "ಹೋಗುತ್ತೇನೆ / ಹೋಗುವುದಿಲ್ಲ" ಜೊತೆಗೆ "ಯಾರನ್ನು ಕೇಳಿ ತೀರ್ಮಾನಿಸುತ್ತೀರಿ" ಎಂದೂ ಇರಲಿ. ಎಲ್ಲರೂ ಹೋಗುತ್ತೇನೆ ಎಂದರೂ ಕೇಳುವವರ ಪಟ್ಟಿಯಲ್ಲಿ ವ್ಯತ್ಯಾಸ ಕಾಣಬಹುದು.

ಕಾಲದ ಬದಲಾವಣೆ ಹೇಳಲೇಬೇಕೆಂದರೆ ಒಂದು ಸಲದ ಸಮೀಕ್ಷೆ ಸಾಲದು. 25ರವರೂ 35ರವರೂ ಬೇರೆ ಉತ್ತರ ಕೊಟ್ಟರೆ ಅದು ವಯಸ್ಸಿನದೋ ಕಾಲದ್ದೋ ಗೊತ್ತಾಗದು. ದೆಹಲಿಯ ಆರ್ಥಿಕ ಸಂಶೋಧನಾ ಸಂಸ್ಥೆ ಎನ್‌ಸಿಎಇಆರ್ ಮತ್ತು ಮೇರಿಲ್ಯಾಂಡ್ ವಿಶ್ವವಿದ್ಯಾಲಯ ಸೇರಿ ನಡೆಸಿದ ಭಾರತ ಮಾನವ ಅಭಿವೃದ್ಧಿ ಸಮೀಕ್ಷೆಯಲ್ಲಿ (2004–05 ಮತ್ತು 2011–12) ವಿವಾಹಿತ ಮಹಿಳೆಯರಿಗೆ ಗಂಡನನ್ನು ಆರಿಸಿದ್ದು ಯಾರು, ಮದುವೆಗೆ ಮೊದಲು ಎಷ್ಟು ಕಾಲ ಪರಿಚಯವಿತ್ತು ಎಂಬ ಪ್ರಶ್ನೆಗಳಿವೆ. ಸಂಶೋಧಕರಿಗೆ ಉಚಿತವಾಗಿ ಸಿಗುತ್ತದೆ. ದೇಶಮಟ್ಟದಲ್ಲಿ ಸಂಪೂರ್ಣ ತಾವೇ ಆರಿಸಿಕೊಂಡವರು ಶೇ. 5ರ ಆಸುಪಾಸು ಮಾತ್ರ. ಕರ್ನಾಟಕದ ಭಾಗವನ್ನು ಬೇರ್ಪಡಿಸಿ, ಮದುವೆಯಾದ ವರ್ಷದ ಪ್ರಕಾರ ಗುಂಪು ಮಾಡಿ ಒಂದು ಕೋಷ್ಟಕ ಮಾಡಿ. ತೂಕ ಹಾಕುವುದನ್ನು ಮರೆಯಬೇಡಿ, ಹಾಗೆಯೇ ಜಿಲ್ಲಾಮಟ್ಟಕ್ಕೆ ಇಳಿಸಬೇಡಿ, ಅಷ್ಟು ಸ್ಯಾಂಪಲ್ ಅದರಲ್ಲಿಲ್ಲ. ಅದು ನಿಮ್ಮ ಜೋಡಿ ಅಧ್ಯಯನಕ್ಕೆ ಹಿನ್ನೆಲೆಯ ಅಧ್ಯಾಯವಾಗುತ್ತದೆ, ಶೀರ್ಷಿಕೆಯನ್ನು "ಪರಿಣಾಮ" ಬದಲು "ವಲಸೆ ಮತ್ತು ಗುರುತು" ಎಂದು ಇಳಿಸಿಕೊಂಡರೆ ವೈವಾದಲ್ಲಿ ಕೇಳುವ ಮೊದಲ ಪ್ರಶ್ನೆಗೆ ಉತ್ತರ ಸಿದ್ಧವಿರುತ್ತದೆ.

---

ಮಾಪನ_ಮೈಸೂರು

ಧಾರವಾಡದವರು ಹೇಳಿದ ಹಂಚಿಕೆ ಒಪ್ಪಿದೆ. ಒಂದೇ ಸೇರ್ಪಡೆ: ಜೋಡಿಯವರಿಗೆ "ನಾನು ______" ಪರೀಕ್ಷೆಯನ್ನೂ ಕೊಡಿ, ಹತ್ತು ಹತ್ತು ವಾಕ್ಯ ಮೂರು ಸಂದರ್ಭಕ್ಕೆ ಎಂದರೆ ಮೂವತ್ತಾಗುತ್ತದೆ, ಯಾರೂ ಬರೆಯರು. ಸಂದರ್ಭಕ್ಕೆ ಐದರಂತೆ ಹದಿನೈದಕ್ಕೆ ಇಳಿಸಿ, ಊರಿನವರಿಂದ ಬಾಯಲ್ಲಿ ಹೇಳಿಸಿ ನೀವೇ ಬರೆದುಕೊಳ್ಳುವುದಾದರೆ ಬೆಂಗಳೂರಿನವರಿಂದಲೂ ಹಾಗೆಯೇ ಮಾಡಿ.